ಜಾಡಿಯ ತಳದ ಕೆಂಪು ಮುದ್ರೆ

ಹುಣಸೆಹಣ್ಣು ಹಾಕಿ ಪಾತ್ರೆ ಉಜ್ಜುವಾಗೆಲ್ಲ ಮತ್ತಿಕೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಕೆಲಸಕ್ಕೆ ಹೋಗುತ್ತಿದ್ದ ಬಂಗಲೆಯ ದೊರೆಸಾನಿ ಊರು ಬಿಡುವಾಗ ಗುಲಾಬಿ ಹೂವಿನ ಪಿಂಗಾಣಿ ಜಾಡಿಯೊಂದನ್ನು ಕೊಟ್ಟಿದ್ದಳು. ಹಳೇ ಸಾಮಾನು ಕೊಳ್ಳುವ ಸಾಬರು ಅದನ್ನು ಬೋರಲು ಹಾಕಿ ನೋಡಿ, "ಚೀನಾದ್ದು ಕಣವ್ವಾ, ಬಲು ಹಳೇದು. ನಾಳೆ ಬಂದು ತಗೋತೀನಿ" ಅಂದರು.

"ಅದ್ನ ಮಾರಿ ನಿಂಗೆ ಓಲೆ ತರ್ತೀನಿ ಕಣೇ" ಅಂದಳು ಅವ್ವ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮರುದಿನ ಸಾಬರು ಬರುವ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ, ಜಾಡಿಯ ತಳದಲ್ಲಿದ್ದ ಚೌಕದ ಕೆಂಪು ಕಲೆ ಹೋಗುವವರೆಗೂ ತಿಕ್ಕಿದೆ.

ಸಾಬರು ತಳ ನೋಡಿ ತಲೆ ಹಿಡಿದುಕೊಂಡರು. "ಆ ಮುದ್ರೆಗೇ ಅಲ್ವೇನವ್ವಾ ಬೆಲೆ!" ಎಂದು ಎದ್ದು ಹೋದರು.

ಅವ್ವ ಹೊಡೆಯಲಿಲ್ಲ. ಆ ಜಾಡಿಗೇ ಉಪ್ಪಿನಕಾಯಿ ತುಂಬಿ, ಒಂದು ಹೋಳನ್ನು ನನ್ನ ಬಾಯಿಗೆ ತುರುಕಿದಳು.

"ತಗೋ, ನಿನ್ನ ಓಲೆ."