ಹಾಗಲಕಾಯಿ ರಸ

ಹೆಣ್ಣು ನೋಡಲು ಬಂದಿದ್ದ ಹುಡುಗನ ತಾಯಿ, ಬುಷರಾಳ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಒಂದೊಂದೇ ಬೆರಳನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಬುಷರಾಳ ಅಮ್ಮ ಅಜೀಜಾಬಿ ಅದನ್ನೇ ನೋಡುತ್ತ ಕೂತಿದ್ದಳು. ಉಗುರು ಕಚ್ಚುವ ಹುಡುಗಿ ಬೇಡವೆಂದು ಧಾರಾವಿಯ ಈ ಕೋಣೆಯಿಂದ ಹಿಂದೆ ಎರಡು ಗಂಡಿನ ಕಡೆಯವರು ಎದ್ದು ಹೋಗಿದ್ದರು. ಆಮೇಲೆ ಆರು ತಿಂಗಳು ಅಮ್ಮ ದಿನಾ ಅವಳ ಬೆರಳಿಗೆ ಹಾಗಲಕಾಯಿ ರಸ ಹಚ್ಚಿದ್ದಳು. ಈಗ ಹತ್ತೂ ಉಗುರು ಬಾದಾಮಿಯಂತೆ ಬೆಳೆದಿದ್ದವು. ಬುಷರಾ ಅವನ್ನು ಕದ್ದು ಕದ್ದು ನೋಡಿಕೊಳ್ಳುತ್ತಿದ್ದಳು.

“ಇಷ್ಟುದ್ದ ಉಗುರು ಬಿಟ್ಕೊಂಡು ರೊಟ್ಟಿ ಹೆಂಗ ಬಡೀತಿ ಬೇಟಿ? ನಮ್ಮನ್ಯಾಗ ಎಂಟು ಮಂದಿ ಅದೀವಿ,” ಎಂದು ಹುಡುಗನ ತಾಯಿ ನಕ್ಕಳು.

“ಅಯ್ಯ, ಅದೇನ್ ದೊಡ್ಡ ಮಾತ್ರೀ ಆಪಾ! ಈಗಿಂದೀಗ ಕತ್ತರಸ್ತೀನಿ.” ಮಗಳ ಮುಖವನ್ನೂ ನೋಡದೆ ಅಜೀಜಾಬಿ ಎದ್ದು, ನೇಲ್ ಕಟರ್‌ಗಾಗಿ ಹೊಲಿಗೆ ಡಬ್ಬಿ ತಡಕಾಡತೊಡಗಿದಳು.

ಬುಷರಾ ಕೈ ಬಿಡಿಸಿಕೊಂಡಳು. “ಹುಡುಕಬ್ಯಾಡ ಅಮ್ಮಾ,” ಎಂದು ಹೆಬ್ಬೆರಳನ್ನು ಬಾಯಿಗಿಟ್ಟು, ಬಂದವಳ ಮುಖವನ್ನೇ ನೋಡುತ್ತ ಕಟಕ್ಕನೆ ಕಚ್ಚಿದಳು. ಬೆಳಿಗ್ಗೆ ಹಚ್ಚಿದ ರಸ ಇನ್ನೂ ಉಗುರಿನ ಮೇಲಿತ್ತು. ಆ ಕಹಿ ಅವಳಿಗೆ ಏನೂ ಅನ್ನಿಸಲಿಲ್ಲ. ಅವಳು ಮುಂದಿನ ಬೆರಳು ತೆಗೆದುಕೊಂಡಳು.