ಊರಿಗೆಲ್ಲ ಒಬ್ಬಳ ಮಬ್ಬು

ಎಲ್ಲರಿಗೂ ಸೇರಿದ ಒಂದೇ ನಕ್ಷೆಯಿಂದ ಪ್ರತಿ ಬೆಳಗ್ಗೆ ಹೊಸದಾಗಿ ಎದ್ದು ನಿಲ್ಲುವ ಆ ಊರು ಇಂದು ಮಬ್ಬುಗತ್ತಲಲ್ಲಿ ಎದ್ದಿತ್ತು. ನಕ್ಷೆ ತಿದ್ದುವ ಫ್ಲೋರಿನ್‌ಗೆ ಆಸ್ಪತ್ರೆಯಿಂದ ನರ್ಸ್ ಜುಬೇದಾ ಫೋನ್ ಮಾಡಿದಳು.

“ಅಕ್ಕಾ, ಹೆರಿಗೆಗೆ ಬಂದೋಳ ಹೊಟ್ಟೇಲಿ ಮಗು ಅಡ್ಡ ತಿರುಗಿದೆ, ಆಪರೇಷನ್ ಮಾಡ್ಬೇಕು. ಈ ಬೆಳಕಲ್ಲಿ ಡಾಕ್ಟ್ರಿಗೆ ಏನೂ ಕಾಣ್ತಿಲ್ಲ!”

ಫ್ಲೋರಿನ್ ನಕ್ಷೆ ಬಿಚ್ಚಿ ನೋಡಿದಳು. ನಿನ್ನೆ ಕೆಲಸ ಮಾಡುವಾಗ ತಲೆನೋವೆಂದು ತನ್ನ ಕಣ್ಣಿಗಷ್ಟೇ ಎಂದು ಬೆಳಕು ಇಳಿಸಿ ಮಾಡಿಕೊಂಡಿದ್ದ ಮಬ್ಬು, ಊರಿನ ನಕ್ಷೆಯೊಳಗೇ ಸೇರಿಬಿಟ್ಟಿತ್ತು. ಅದನ್ನು ಅಲ್ಲಿಂದ ಕಿತ್ತು ತನ್ನ ಕನ್ನಡಕಕ್ಕೆ ಮಾತ್ರ ಹಾಕಿಕೊಂಡಳು. ನಾಳೆ ಬೆಳಗಿಗೆ ಕಾಯದೆ, ತಿದ್ದಿದ ನಕ್ಷೆಯಿಂದ ಆಸ್ಪತ್ರೆಯ ದೀಪಗಳನ್ನೇ ಮೊದಲು ಮರುಕಟ್ಟಿಸಿದಳು. ಆಮೇಲೆ ಕಾಯುವುದೊಂದೇ ಉಳಿಯಿತು.

ಮತ್ತೆ ಫೋನ್ ಬಂದಾಗ ಮೊದಲು ಕೇಳಿಸಿದ್ದು ಮಗುವಿನ ಅಳು.

“ಹೆಣ್ಮಗು ಅಕ್ಕಾ! ತಾಯಿ, ಮಗು ಇಬ್ರೂ ಚೆನ್ನಾಗಿದ್ದಾರೆ.”

ಫ್ಲೋರಿನ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು. “ಫೋನ್ ಇಡ್ಬೇಡ ಜುಬೇದಾ,” ಎಂದಳು. “ಇನ್ನೊಂಚೂರು ಅಳ್ಲಿ, ಕೇಳ್ತೀನಿ.”