ಗೌರಿಯ ಚೀಟಿ

ಕಣದಲ್ಲಿ ಒಣಗುವ ಕಾಫಿ ಹಣ್ಣಿನ ಹುಳಿ ವಾಸನೆ ಬಂದರೆ ಈಗಲೂ ನನಗೆ ನಾಲ್ಕನೇ ತರಗತಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಟೀಚರ್ ನಮ್ಮನ್ನು ಗುಂಪು ಮಾಡಿ ಲೆಕ್ಕದ ಆಟ ಆಡಿಸುತ್ತಿದ್ದರು. ಒಬ್ಬೊಬ್ಬರಿಗೂ ಒಂದು ಚೀಟಿ, ಅದರಲ್ಲಿ ಗುಟ್ಟಿನ ಸಂಖ್ಯೆಯ ಒಂದು ಸುಳಿವು. ಚೀಟಿ ತೋರಿಸುವಂತಿಲ್ಲ, ಬಾಯಲ್ಲೇ ಹೇಳಬೇಕು. ಎಲ್ಲರ ಸುಳಿವೂ ಸೇರಿದರೆ ಮಾತ್ರ ಉತ್ತರ. ಆ ಸಂಖ್ಯೆಯಷ್ಟು ಒಣ ಕಾಫಿ ಹಣ್ಣನ್ನು ನೆಲದ ಮೇಲೆ ಜೋಡಿಸಿದರೆ ಗುಂಪು ಗೆದ್ದಂತೆ.

ಅವತ್ತು ಚೀಟಿ ಹಂಚುವಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ನಮ್ಮ ಗುಂಪಿನ ಗೌರಿ ತನ್ನದನ್ನು ಓದಿ, ನಕ್ಕು, ಮಡಿಸಿ ಜೇಬಿಗಿಟ್ಟುಕೊಂಡಳು. ಅವಳ ಮನೆಯವರು ಬಯಲುಸೀಮೆಯಿಂದ ಎಸ್ಟೇಟಿಗೆ ಹಣ್ಣು ಕೊಯ್ಯಲು ಬಂದವರು. ನಾವು ತಟ್ಟೆ ತೊಳೆಯುವಾಗ ಅವಳ ಅಪ್ಪ ಗೇಟಿನ ಹತ್ತಿರ ನಿಂತಿದ್ದರು.

"ಕೊಯ್ಲು ಮುಗೀತು ಮೇಡಂ, ಊರಿಗೆ ಹೋಗಾಕೆ ಪಿಕಪ್ ಬಂದೈತೆ."

"ಈ ಆಟ ಒಂದು ಮುಗಿಸ್ಕೊಂಡು ಬರ್ಲಿ," ಎಂದರು ಟೀಚರ್.

"ಎಲ್ರೂ ಹತ್ತಿ ಕೂತವ್ರೆ."

ಗೌರಿ ಚೀಲ ಎತ್ತಿಕೊಂಡು ಅಪ್ಪನ ಹಿಂದೆ ಹೋದಳು. ಉಳಿದ ನಾವು ಹಣ್ಣಿನ ಗುಡ್ಡೆಯ ಸುತ್ತ ಕೂತೆವು. ನಮ್ಮಲ್ಲಿದ್ದ ಸುಳಿವುಗಳಿಗೆ ಹಲವು ಉತ್ತರ ಹೊಂದುತ್ತಿದ್ದವು. "ಅವ್ಳು ನಕ್ಳಲ್ಲ, ಸುಲಭದ್ದೇ ಇರ್ಬೇಕು ಮಾರಾಯ," ಎಂದ ರಘು. ಅಷ್ಟರಲ್ಲಿ ಪಿಕಪ್ ಶಾಲೆಯ ತಿರುವಿಗೆ ಬಂತು. ಪಾತ್ರೆ, ಕಂಬಳಿಗಳ ನಡುವೆ ಕೂತಿದ್ದ ಗೌರಿ ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದೇ ಏನೋ ಕೂಗಿದಳು. ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲ.

"ಅವ್ಳದ್ದು ನಾನು ಹೇಳ್ತೀನಿ ಬನ್ನಿ," ಎಂದು ಟೀಚರ್ ಗೌರಿಯ ಜಾಗದಲ್ಲಿ ಕೂತು ಸುಳಿವು ಹೇಳಿದರು. ಉತ್ತರ ನಮಗೆಲ್ಲ ಗೊತ್ತಾಯಿತು. ಹಣ್ಣನ್ನು ಮಾತ್ರ ಯಾರೂ ಮುಟ್ಟಲಿಲ್ಲ.